ತುಂಬಿದ ಸುಣ್ಣದ ತೊಟ್ಟಿ

“ಗುರುಗಳೇ, ರಕ್ತದಲ್ಲಿ ಸುಣ್ಣದ ಅಂಶ ಸರಿಯಾಗಿದ್ದವಳ ಮೂಳೆ ಮುರಿಯುವುದು ಹೇಗೆ?”

ಕೇಳಿದವನು ಮುರಿಗೆಪ್ಪ. ತಾನೂ ಡಾಕ್ಟರು; ವೈದ್ಯಕೀಯ ಕಲಿಸಿದ ಗುರುಗಳ ಬಳಿ ಬಂದಿದ್ದ. ಹಿಂದಿನ ದಿನ ಅವನ ತಾಯಿ ದೇವರ ಮುಂದಿನಿಂದ ಎದ್ದಿದ್ದಳು, ಅಷ್ಟೇ. ತೊಡೆಯ ಮೂಳೆ ಮುರಿದಿತ್ತು. ವರ್ಷ ವರ್ಷವೂ ಅವಳ ರಕ್ತ ಪರೀಕ್ಷೆ ಮಾಡಿಸಿ “ಎಲ್ಲ ಸರಿಯಿದೆ ಅವ್ವಾ” ಎಂದವನು ಅವನೇ.

“ಕೊರಳಿನ ಸಣ್ಣ ಗ್ರಂಥಿಗಳ ಹಾರ್ಮೋನು ಆ ಸುಣ್ಣವನ್ನು ಕಾಯುತ್ತದೆ ಎಂದು ನೀವೇ ಕಲಿಸಿದಿರಿ. ಅದು ಕಾಯಲಿಲ್ಲವೇ?”

“ಕಾಯದೇ ಏನು! ಕಾದದ್ದಕ್ಕೇ ಹೀಗಾಯಿತು. ಕೇಳು,” ಎಂದರು ಗುರುಗಳು.

ಒಂದು ಕೋಟೆಯ ಊರು. ಪೇಟೆಯ ನಡುವೆ ಸುಣ್ಣದ ತೊಟ್ಟಿ. ಬಾವಿಯ ನೀರಿಗೆ ಅದೇ ಸುಣ್ಣ, ಆಲೆಮನೆಯ ಬೆಲ್ಲಕ್ಕೆ ಅದೇ, ಎಲೆ ಅಡಿಕೆಗೂ ಅದೇ. ತೊಟ್ಟಿ ಬರಿದಾದರೆ, ರಕ್ತದಲ್ಲಿ ಸುಣ್ಣ ಇಳಿದವರ ಹಾಗೆ, ಊರಿಗೆ ಊರೇ ಕೈಕಾಲು ಸೆಟೆದು ಬೀಳಬೇಕು. ಅದನ್ನು ತುಂಬಿಡುವುದು ಒಬ್ಬ ಕಾವಲುಗಾರನ ಕೆಲಸ. ಸುಣ್ಣದ ಗಾಡಿಗಳು ಮೂಡಣ ಬಾಗಿಲಿನಿಂದ ಬರುತ್ತಿದ್ದವು. ಗಾಡಿ ತಡವಾದ ದಿನ ಅವನು ಕೋಟೆಗೋಡೆಯ ಗಾರೆಯನ್ನೇ ಒಂದಿಷ್ಟು ಕೆರೆದುಕೊಳ್ಳುತ್ತಿದ್ದ. ಗಾಡಿ ಬಂದ ಮೇಲೆ ಗಾರೆ ಕೆಲಸದವನು ಆ ಸಂದನ್ನು ಮೆತ್ತುತ್ತಿದ್ದ.

ಗಾರೆ ಕೆಲಸದವನಿಗೆ ವಯಸ್ಸಾಯಿತು. ಅದೇ ಹೊತ್ತಿಗೆ ವರ್ತಕರು, ಅಂಗಡಿಗೆ ಬಿಸಿಲು ಬೀಳುತ್ತದೆ ಎಂದು ಗೊಣಗಿ ಮೂಡಣ ಬಾಗಿಲನ್ನೇ ಮುಚ್ಚಿಸಿದರು. ಬುದ್ಧಿ ನೋಡು! ಬಿಸಿಲು ಕಾಣದ ಮೈಗೆ ಉಂಡ ಸುಣ್ಣ ಹತ್ತದ ಹಾಗೆ, ಗಾಡಿಗಳು ಹೊರಗೆ ನಿಂತು ನಿಂತು ಹಿಂದಿರುಗಿದವು. ಕಾವಲುಗಾರ ತುಟಿ ಪಿಟಕ್ಕೆನ್ನಲಿಲ್ಲ. ದಿನವೂ ಗೋಡೆಯ ಒಳಗಿನಿಂದ ಗಾರೆ ಕೆರೆದ. ಕೆರೆದರೆ ಸುಣ್ಣದ ಜೊತೆ ಮರಳೂ ಬರುತ್ತದಲ್ಲ, ಮೂಳೆಯಿಂದ ಫಾಸ್ಫೇಟು ಬರುವ ಹಾಗೆ? ಮರಳನ್ನು ತೊಳೆದು ಮೋರಿಗೆ ಬಿಟ್ಟ. ಸುಣ್ಣವನ್ನು ಸುಟ್ಟು ತೊಟ್ಟಿಗೆ ತುಂಬಿದ.

ಅರಸ ದಿನವೂ ಬಂದು ತೊಟ್ಟಿಯೊಳಗೆ ಇಣುಕುತ್ತಿದ್ದ. ತುಂಬಿರುತ್ತಿತ್ತು. ಭಲೇ ಎಂದು ಹೋಗುತ್ತಿದ್ದ. ಮೇಲೆ ಶೃಂಗಾರ, ಒಳಗೆ ಗೋಳಿಸೊಪ್ಪು! ಗೋಡೆಯನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ, ಪುಣ್ಯಾತ್ಮ.

ಒಂದು ದಿನ ಗೋಡೆ ಕುಸಿಯಿತು. ವೈರಿಯಿಲ್ಲ, ಫಿರಂಗಿಯಿಲ್ಲ. ಒಂದು ಮೇಕೆ ಹತ್ತಿತ್ತು, ಅಷ್ಟೇ. ಬುಡದಲ್ಲಿದ್ದ ಮನೆಗಳೆಲ್ಲ ಮಣ್ಣುಪಾಲಾದವು.

“ಅಯ್ಯೋ, ಒಂದು ಮಾತು ಹೇಳಬಾರದಿತ್ತೇನೋ!” ಎಂದು ಅರಸ ಅತ್ತ.

“ಒಡೆಯಾ, ತಾವು ನೋಡುತ್ತಿದ್ದುದು ತೊಟ್ಟಿಯನ್ನು. ತೊಟ್ಟಿ ತುಂಬಿತ್ತು,” ಎಂದ ಕಾವಲುಗಾರ.

ಕತೆ ಅಲ್ಲಿಗೆ ನಿಂತಿತು. ಮುರಿಗೆಪ್ಪನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದೆ ಕಾವಲುಗಾರನ ಮೇಲೆ ಹಾಕಿದ.

“ಎಂಥ ಹುಚ್ಚ ಗುರುಗಳೇ! ತನ್ನ ಗೋಡೆಯನ್ನೇ ಕೆರೆದು ಕೆರೆದು ಊರಿಗೆ ಕೊಟ್ಟು, ಏನೂ ಆಗಿಲ್ಲ ಎನ್ನುವ ಹಾಗೆ ಇದ್ದನಲ್ಲ!”

ಗುರುಗಳು ಅವನನ್ನೇ ನೋಡಿದರು.

“ನೀನು ಕೇಳಿದಾಗಲೆಲ್ಲ ‘ನನಗೇನಾಗಿದೆ, ಆರಾಮಿದ್ದೀನಿ’ ಎನ್ನುತ್ತಿದ್ದವಳು ಯಾರಪ್ಪಾ?”