ಕೊನೆಯ ಪಂದ್ಯದ ಎದುರಾಳಿ

ಹೆಣ್ಣುಮಕ್ಕಳ ಕಬಡ್ಡಿ ಟೂರ್ನಿಯಲ್ಲಿ ಸೆಮಿಫೈನಲ್‌ಗೆ ಒಂದೇ ಜಾಗ ಉಳಿದಿತ್ತು. ಟೂರ್ನಿಯ ಅಧ್ಯಕ್ಷ ದುಂಡಪ್ಪಗೌಡರ ತಂಡಕ್ಕೂ ಇಟ್ಟಿಗೆ ಭಟ್ಟಿಯ ಕೂಲಿಯವರ ತಂಡಕ್ಕೂ ಸಮ ಅಂಕ. ಗೌಡರೇ ಹಾಕಿದ ಪಟ್ಟಿಯಲ್ಲಿ ಕೊನೆಯ ಪಂದ್ಯ ಮಾತ್ರ ಅವರ ತಂಡಕ್ಕೆ ಒಮ್ಮೆಯೂ ಗೆಲ್ಲದವರ ಜೊತೆ, ಭಟ್ಟಿಯವರಿಗೆ ಒಮ್ಮೆಯೂ ಸೋಲದ ಪೊಲೀಸ್ ತಂಡದ ಜೊತೆ.

“ಇದು ನ್ಯಾಯ ಏನ್ರಿ?” ಎಂದು ಭಟ್ಟಿ ತಂಡದ ನಾಯಕಿ ಶಿವಲೀಲಾ ಕೇಳಿದಳು.

ಗೌಡರು ಮೈಕಿನಲ್ಲೇ ಗದರಿದರು. “ಆಡೋರಿಗೆ ಎಲ್ಲಾ ತಂಡಾನೂ ಒಂದ. ಆಡ್ರಿ, ಇಲ್ಲಾ ಮನೀಗೆ ಹೋಗ್ರಿ.”

ಭಟ್ಟಿಯ ಹುಡುಗಿಯರ ಮುಖ ಬಿಳುಚಿತು. ಶಿವಲೀಲಾ ಮೈಕು ಇಸಿದುಕೊಂಡಳು. “ಗೌಡ್ರಿಗೆ ಎಲ್ಲಾ ತಂಡಾನೂ ಒಂದಂತ. ಹಂಗಾರ ಪೊಲೀಸ್ರ ಜೋಡಿ ಅವರ ತಂಡಾನ ಆಡ್ತೈತಿ. ಚಪ್ಪಾಳಿ ಹೊಡೀರಿ.”

ಮೈದಾನವೆಲ್ಲ ಚಪ್ಪಾಳೆ. ಗೌಡರ ತಂಡದ ಹುಡುಗಿಯರು ಗೌಡರನ್ನೇ ದಿಟ್ಟಿಸಿದರು. ಗೌಡರು ಬೆವರು ಒರೆಸಿಕೊಂಡರು.

“ಬ್ಯಾಡ. ನೀವೂ ನಮ್ಮ ಹುಡುಗ್ಯಾರೂ ಎದುರಾಬದುರಾ ಆಡ್ರಿ. ಗೆದ್ದೋರು ಮುಂದ ಹೋಗ್ರಿ.”

ಶಿವಲೀಲಾ ಆಗಲೇ ಅಂಕಣದೊಳಗೆ ಕಾಲಿಟ್ಟಿದ್ದಳು.