ನೂರ ಅರವತ್ತೊಂದು ಗಂಟು

"ಬುದ್ಧಿ, ಐದನೆಯ ಮೆಟ್ಟಿಲಿಂದ ಬಿದ್ದವನು ಎಷ್ಟನೆಯ ಮೆಟ್ಟಿಲಿಗೆ ಬೀಳುತ್ತಾನೆ?" ಎಂದು ಮಹಾಂತಯ್ಯ ಕೇಳಿದ.

ಕುಡಿತ ಬಿಡಬೇಕೆಂದು ಆ ಮಠಕ್ಕೆ ಬಂದವರಿಗೆಲ್ಲ ಗುರುಗಳು ಐದು ಮೆಟ್ಟಿಲು ಹೇಳುತ್ತಿದ್ದರು. ನನ್ನಲ್ಲಿ ತಪ್ಪೇ ಇಲ್ಲ ಅನ್ನುವುದು ಮೊದಲನೆಯದು. ತಪ್ಪಿದೆ, ಆದರೆ ಬಿಡಲಾರೆ ಅನ್ನುವುದು ಎರಡನೆಯದು. ಬಿಡುವ ದಾರಿ ಹುಡುಕುವುದು ಮೂರು, ಬಿಡುವುದು ನಾಲ್ಕು. ಬಿಟ್ಟದ್ದನ್ನು ದಿನದಿನವೂ ಬಿಡುತ್ತಲೇ ಇರುವುದು ಐದು. ಮಹಾಂತಯ್ಯನಿಗೆ ಇದು ಬಾಯಿಪಾಠ. ಬಂದವರನ್ನು ನೋಡಿಕೊಳ್ಳುವ ಕೆಲಸ ಅವನದೇ ಆಗಿತ್ತು.

"ಯಾರು ಬಿದ್ದರು?" ಎಂದರು ಗುರುಗಳು.

"ಕಲಾಯಿ ಸಣ್ಣೀರಪ್ಪ, ಬುದ್ಧಿ. ಆರು ತಿಂಗಳಿಂದ ಇಲ್ಲೇ ಇದ್ದ, ದಾಸೋಹದ ಪಾತ್ರೆಗಳಿಗೆಲ್ಲ ಅವನೇ ಕಲಾಯಿ ಹಾಕಿದ. ನಿನ್ನೆ ಸಂತೆಗೆ ಹೋದವನು ಕುಡಿದಿದ್ದಾನೆ. ಬೆಳಿಗ್ಗೆ ತಾನೇ ಬಂದು ಒಪ್ಪಿಕೊಂಡ. ಹಾಗಾದರೆ ಮತ್ತೆ ಮೊದಲ ಮೆಟ್ಟಿಲಿಂದ ಹತ್ತು, ಹೊಸಬರ ಸಾಲಿನಲ್ಲಿ ಕೂರು ಎಂದೆ. ಹಾಸಿಗೆ ಸುತ್ತಿಕೊಂಡು ಹೆಬ್ಬಾಗಿಲ ಕಟ್ಟೆಯ ಮೇಲೆ ಹೋಗಿ ಕೂತಿದ್ದಾನೆ."

ಹೆಬ್ಬಾಗಿಲ ಕಡೆಯಿಂದ ಕೆಮ್ಮು ಕೇಳಿಸಿತು. ಕಲಾಯಿಯ ಹೊಗೆ ಕುಡಿದು ಕುಡಿದು ಸಣ್ಣೀರಪ್ಪನಿಗೆ ಆ ಕೆಮ್ಮು ಅಂಟಿಕೊಂಡಿತ್ತು.

"ಮೊದಲು ಒಳಗೆ ಕರೆದುಕೊಂಡು ಬಾ. ಆಮೇಲೆ ಕೇಳುವೆಯಂತೆ," ಎಂದರು ಗುರುಗಳು. ಎದ್ದು ಓಡಾಡುವಷ್ಟು ಶಕ್ತಿ ಅವರ ಕಾಲಿಗೆ ಉಳಿದಿರಲಿಲ್ಲ.

ಮಹಾಂತಯ್ಯ ಏಳಲಿಲ್ಲ. "ಯಾವ ಸಾಲಿನಲ್ಲಿ ಕೂರಿಸಬೇಕೆಂದು ತಿಳಿಯದೆ ಹೇಗೆ ಕರೆಯಲಿ, ಬುದ್ಧಿ? ನಿಯಮ ಅಂದರೆ ನಿಯಮ. ನೀವು ಉತ್ತರ ಹೇಳಿಬಿಡಿ."

"ಕೂತು ಕೇಳುವಷ್ಟು ಪುರುಸೊತ್ತು ನಿನಗಿದ್ದರೆ ನನಗೇನು, ಕೇಳು," ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ. ಹೆಸರು ಕಟ್ಟಿಕೊಂಡು ಏನು ಮಾಡುತ್ತೀಯ, ನೇಕಾರ ಅಂದರೆ ಸಾಕು. ಅವನ ಬಟ್ಟೆಯಲ್ಲಿ ಗಂಟು ಹುಡುಕಿ ತೋರಿಸಿದವರಿಗೆ ಬಟ್ಟೆ ಬಿಟ್ಟಿ ಎಂಬ ಮಾತು ಸುತ್ತಲ ಸಂತೆಗಳಲ್ಲಿತ್ತು. ಹಾಗೆಂದು ಅವನ ನೂಲು ಹರಿಯುತ್ತಿರಲಿಲ್ಲವೇ? ನೂಲು ಅಂದ ಮೇಲೆ ಹರಿಯುತ್ತದೆ. ದಿನಕ್ಕೆ ಇಪ್ಪತ್ತು ಸಲ ಹರಿಯುತ್ತಿತ್ತು. ಅವನು ಲಾಳಿ ನಿಲ್ಲಿಸಿ, ಹರಿದ ಎರಡು ತುದಿ ಹಿಡಿದು, ಬೆರಳಿಗೆ ಒಂದಿಷ್ಟು ಗಂಜಿ ಹಚ್ಚಿಕೊಂಡು ಹೊಸೆದುಬಿಡುತ್ತಿದ್ದ. ಎಲ್ಲಿ ಹರಿದಿತ್ತೆಂದು ಆಮೇಲೆ ಅವನಿಗೂ ಗೊತ್ತಾಗುತ್ತಿರಲಿಲ್ಲ. ಎಳೆ ಹರಿಯಿತೆಂದು ಅವನು ಒಂದು ದಿನವೂ ನೂಲಿನ ಮೇಲೆ ಸಿಟ್ಟಾದವನಲ್ಲ.

ಅಲ್ಲಿಯ ನೇಕಾರರಲ್ಲಿ ಒಂದು ಪದ್ಧತಿ. ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ನೇಯ್ದು ಮುಗಿದರೂ ಮಗ್ಗವನ್ನು ಬರಿದು ಮಾಡುವುದಿಲ್ಲ. ಎಳೆಗಳನ್ನು ಹಲ್ಲಿನ ಸಂದಿಯಲ್ಲಿ ಹಿಡಿದಿರುವ ಫಣಿಯಲ್ಲಿ ಗೇಣುದ್ದ ಹಳೆಯ ನೂಲು ಬಿಟ್ಟಿರುತ್ತಾರೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗೆ ಕೂಡಿಸುತ್ತಾರೆ. ಹಳೆಯದು ಎಷ್ಟೇ ಮಾಸಿರಲಿ, ಅದರ ತುದಿ ಹಿಡಿದೇ ಹೊಸದು ಒಳಗೆ ಬರಬೇಕು. ಫಣಿಯನ್ನು ಪೂರಾ ಬರಿದು ಮಾಡುವುದು, ಇನ್ನು ಮಗ್ಗಕ್ಕೆ ಕೂರುವವರಿಲ್ಲ ಎಂದಾದ ಮನೆಯಲ್ಲಿ ಮಾತ್ರ.

ಈ ನೇಕಾರನಿಗೆ ಒಬ್ಬನೇ ಮಗ. ಮನೆಯಲ್ಲಿ ಎರಡು ಮಗ್ಗ, ಒಂದರಲ್ಲಿ ಅಪ್ಪ, ಒಂದರಲ್ಲಿ ಮಗ. ಮಗನ ಕೈ ಚೆನ್ನಾಗಿತ್ತು, ಬಾಯಿ ಕೆಟ್ಟಿತ್ತು. ಕುಡಿಯುತ್ತಿದ್ದ. ಕೇಳಿದರೆ, ಮೈಕೈ ನೋವಿಗೆ ಒಂದು ಲೋಟ ಹಾಕಿದರೆ ಅದನ್ನೂ ಕುಡಿತ ಅನ್ನುತ್ತಾರೆಯೇ ಎಂದು ತಿರುಗಿ ಕೇಳುತ್ತಿದ್ದ. ಹೀಗೆ ನಾಲ್ಕು ವರ್ಷ ಕಳೆಯಿತು.

ಆಮೇಲೆ ಅವನ ಕೈ ನಡುಗತೊಡಗಿತು. ಲಾಳಿ ತಪ್ಪಿ ನೆಲಕ್ಕೆ ಬೀಳತೊಡಗಿತು. ಆಗ, ಬಿಡಬೇಕು ಅಪ್ಪ, ಎನ್ನತೊಡಗಿದ. ಹೇಳುವುದು, ಹೋಗಿ ಕುಡಿಯುವುದು, ಬಂದು ಮತ್ತೆ ಹೇಳುವುದು. ಇದು ಎರಡು ವರ್ಷ. ಮೊದಲಿನ ನಾಲ್ಕು ವರ್ಷಕ್ಕಿಂತ ಈ ಎರಡು ವರ್ಷವೇ ನೇಕಾರನನ್ನು ಹೆಚ್ಚು ರೇಗಿಸಿತು. ತಿಳಿಯದೆ ಕುಡಿಯುವವನಿಗೆ ಬುದ್ಧಿ ಹೇಳಬಹುದು, ತಿಳಿದೂ ಕುಡಿಯುವವನಿಗೆ ಏನು ಹೇಳುವುದು ಎಂದು ಅವನು ಊರವರ ಮುಂದೆ ಗೊಣಗುತ್ತಿದ್ದ. ಮಗ ಒಂದು ಮೆಟ್ಟಿಲು ಹತ್ತಿ ನಿಂತಿದ್ದಾನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಸೊಸೆ ತಾಳುವಷ್ಟು ತಾಳಿದಳು. ಒಂದು ದಿನ ಮಗಳನ್ನು ಎತ್ತಿಕೊಂಡು ತವರಿಗೆ ಹೋದಳು. ಅಂದಿನಿಂದ ಮಗ, ಬಣ್ಣದವರ ಮನೆಗೆ ನೂಲು ತರಲು ಹೋಗುವಾಗ, ಹೆಂಡದಂಗಡಿಯ ದಾರಿ ಬಿಟ್ಟು ಕೆರೆಯ ಏರಿಯ ಮೇಲೆ ಸುತ್ತುಹಾಕಿಕೊಂಡು ಹೋಗತೊಡಗಿದ. ತಾನು ಕುಡಿಯುತ್ತಿದ್ದ ಹಿತ್ತಾಳೆ ಲೋಟವನ್ನು ಬಾವಿಗೆ ಎಸೆದ. ಕೂಡಿ ಕುಡಿಯುತ್ತಿದ್ದವರ ಜೊತೆ ಮಾತು ಬಿಟ್ಟ. ಕುಡಿತ ಇನ್ನೂ ಬಿಟ್ಟಿರಲಿಲ್ಲ, ನಿಜ. ನೇಕಾರ ಇದನ್ನೆಲ್ಲ ನೋಡಿ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಕ್ಕ. ಕುಲಾವಿ ಹೊಲಿಸುವವರು ಕೂಸಿಗಾಗಿ ಕಾಯುತ್ತಿರುತ್ತಾರಲ್ಲವೇ, ಮಹಾಂತಯ್ಯ? ಅದು ಅವನಿಗೆ ತೋಚಲಿಲ್ಲ.

ಒಂದು ಸೋಮವಾರ ಮಗ ಕುಡಿಯುವುದನ್ನು ನಿಲ್ಲಿಸಿದ. ವಾರ ಕಳೆಯಿತು, ಕುಡಿಯಲಿಲ್ಲ. ಆಗ ನೇಕಾರ ಸೊಸೆಯ ತವರಿಗೆ ಹೋಗಿ ಬೀಗರ ಮುಂದೆ ಮಾತು ಕೊಟ್ಟ. ನೂರ ಎಂಬತ್ತು ದಿನ ಇವನು ಕುಡಿಯದೆ ಇರಲಿ, ನಾನೇ ಬಂದು ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದ. ಮನೆಗೆ ಬಂದು ಮಗ್ಗದ ಕಂಬಕ್ಕೆ ಒಂದು ದಾರ ಕಟ್ಟಿದ. ಬೆಳಗಾದರೆ ದಾರಕ್ಕೆ ಒಂದು ಗಂಟು ಬೀಳುತ್ತಿತ್ತು. ಮಗ ಎದ್ದ ಕೂಡಲೇ ಆ ದಾರದ ಹತ್ತಿರ ಹೋಗಿ ಗಂಟುಗಳ ಮೇಲೆ ಬೆರಳಾಡಿಸುತ್ತಿದ್ದ. ಮುಖ ತೊಳೆಯುವುದು ಆಮೇಲೆ.

ನಲವತ್ತು ಗಂಟಾದ ಮೇಲೆ ಮಗ ಬಿದ್ದ. ಎಂಟು ದಿನ ಮನೆಗೆ ಬರಲಿಲ್ಲ. ಊರವರು ಹೊತ್ತು ತಂದು ಜಗಲಿಯ ಮೇಲೆ ಹಾಕಿದರು. ನೇಕಾರ ದಾರ ಬಿಚ್ಚಿ ಒಲೆಗೆ ಹಾಕಿದ. ಹೊಸ ದಾರ ಕಟ್ಟಿ, ಇನ್ನು ಮೊದಲಿಂದ, ಎಂದ. ಮಗ ತಲೆ ತಗ್ಗಿಸಿ ಹೂಂ ಎಂದ.

ಈ ಸಲ ಗಂಟು ನೂರು ದಾಟಿತು, ನೂರೈವತ್ತು ದಾಟಿತು. ಮಗನ ಕೈ ನಡುಗುವುದು ನಿಂತಿತು. ಮಗಳಿಗೆಂದು ತನ್ನ ಮಗ್ಗದಲ್ಲಿ ಒಂದು ಸಣ್ಣ ಸೀರೆ ಹೂಡಿದ. ನೇಕಾರ ಬಾಯಿಬಿಟ್ಟು ಏನೂ ಹೇಳದಿದ್ದರೂ ಒಳಗೊಳಗೇ ಹಿಗ್ಗಿದ. ಮೊಮ್ಮಗಳು ಬಂದರೆ ಎಲ್ಲಿ ಮಲಗಿಸುವುದು, ಏನು ತಿನ್ನಲು ಕೊಡುವುದು ಎಂದೆಲ್ಲ ಯೋಚಿಸಿದ. ಸೊಸೆಯ ಕೋಣೆಗೆ ಸುಣ್ಣ ಹೊಡೆಸಿದ.

ನೂರ ಅರವತ್ತೊಂದು ಗಂಟಾದ ದಿನ ನೆಂಟರ ಮನೆಯಲ್ಲಿ ನಾಮಕರಣ. ಮಗ ಹೋಗಿದ್ದ. ಅಲ್ಲಿ ಎಲ್ಲರ ತೊಡೆಯ ಮೇಲೂ ಮಕ್ಕಳು. ಯಾರೋ ಅವನ ಮುಂದೆ ಲೋಟ ಹಿಡಿದರು. ಕುಡಿದ. ಎರಡನೆಯ ಲೋಟಕ್ಕೆ ಕೈ ಚಾಚಿದವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ಎದ್ದ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಎರಡು ಹರದಾರಿ ನಡೆದು ಮನೆಗೆ ಬಂದ. ಯಾರೂ ಹೊತ್ತು ತರಲಿಲ್ಲ, ಯಾರೂ ಚಾಡಿ ಹೇಳಲಿಲ್ಲ. ತಾನೇ ಅಪ್ಪನ ಮುಂದೆ ನಿಂತು, ಒಂದು ಲೋಟ ಕುಡಿದೆ, ಎಂದ.

ನೇಕಾರನ ಕಿವಿ ಬಿಸಿಯಾಯಿತು. ಬೀಗರಿಗೆ ಇನ್ನು ಯಾವ ಮುಖ ತೋರಿಸಲಿ ಎನ್ನಿಸಿತು. ಹಿಂದಿನ ಸಲ ಎಂಟು ದಿನ ಬಿದ್ದವನು ಈ ಸಲ ಒಂದು ಲೋಟಕ್ಕೆ ಎದ್ದು ಬಂದಿದ್ದಾನೆ ಎಂಬುದು ಆ ಸಿಟ್ಟಿನಲ್ಲಿ ಕಾಣಿಸಲಿಲ್ಲ. ಮಗ್ಗದಿಂದ ಎದ್ದು, ಕಂಬದ ದಾರ ಕಿತ್ತು, ಒಲೆಗೆ ಹಾಕಿದ.

"ಅಪ್ಪ, ನೂರ ಅರವತ್ತೊಂದು ದಿನ ನಾನು ಕುಡಿದಿರಲಿಲ್ಲ. ಅದು ಸುಳ್ಳಾಗಿಹೋಯಿತೇ?" ಎಂದು ಮಗ ಕೇಳಿದ.

"ಇವತ್ತು ಕುಡಿದೆಯಲ್ಲ. ನಾಳೆಯಿಂದ ಒಂದು," ಎಂದ ನೇಕಾರ.

ನೂಲು ಉರಿಯುವುದಕ್ಕೆ ಎಷ್ಟು ಹೊತ್ತು ಬೇಕು. ಅದು ಉರಿದು ಮುಗಿಯುವ ತನಕ ಮಗ ನೋಡಿದ. ಆಮೇಲೆ, "ಜಗಲಿಯ ಮೇಲೆ ಕೂತಿರುತ್ತೇನೆ. ನೀನು ಕರೆದರೆ ಒಳಗೆ ಬರುತ್ತೇನೆ," ಎಂದು ಹೇಳಿ ಹೊರಗೆ ಹೋದ.

ಕೂತಿರಲಿ, ಸ್ವಲ್ಪ ಚುರುಕು ಮುಟ್ಟಲಿ ಎಂದುಕೊಂಡು ನೇಕಾರ ಮತ್ತೆ ಮಗ್ಗದ ಕುಣಿಗೆ ಕಾಲು ಇಳಿಸಿ ಕೂತ. ಕರೆಯಬಾರದು ಎಂದೇನೂ ಅವನ ಮನಸ್ಸಿನಲ್ಲಿರಲಿಲ್ಲ. ಹೆತ್ತ ಕರುಳು. ಈ ಅಂಚು ಮುಗಿಯಲಿ, ಕರೆಯೋಣ ಅಂದುಕೊಂಡ. ಹೊರಗೆ ಮಗ ಕೆಮ್ಮಿದ್ದು ಕೇಳಿಸಿತು. ಹತ್ತಿಯ ಧೂಳಿನಲ್ಲಿ ಕೂರುವವರ ಕೆಮ್ಮು ಅದು. ಅಂಚು ಮುಗಿಯಿತು. ಇನ್ನು ನಾಲ್ಕು ಬೆರಳು ನೇಯ್ದು ಏಳೋಣ ಅಂದುಕೊಂಡ. ಇನ್ನೊಮ್ಮೆ ಕೆಮ್ಮು ಕೇಳಿಸಿತು. ಆಮೇಲೆ ಕೇಳಿಸಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದು ನೋಡಿದರೆ ಜಗಲಿಯ ಮೇಲೆ ಯಾರೂ ಇರಲಿಲ್ಲ.

ಮುಳುಗಿದವನಿಗೆ ಚಳಿಯೇನು, ಮಳೆಯೇನು? ಇದ್ದಬದ್ದ ದಿನಗಳೆಲ್ಲ ಬೂದಿಯಾದ ಮೇಲೆ ಒಂದು ಲೋಟವೂ ಅಷ್ಟೇ, ಒಂದು ಗಡಿಗೆಯೂ ಅಷ್ಟೇ. ಮಗ ಕೆರೆಯ ಏರಿಯ ದಾರಿ ಹಿಡಿಯಲಿಲ್ಲ, ನೆಟ್ಟಗೆ ಅಂಗಡಿಗೆ ಹೋದ. ಮೂರು ದಿನ ಹಿಂದೆಂದೂ ಕುಡಿಯದಷ್ಟು ಕುಡಿದ. ನಾಲ್ಕನೆಯ ದಿನ ಕೆರೆಯ ತೂಬಿನ ಹತ್ತಿರ ಅವನ ಹೆಣ ಸಿಕ್ಕಿತು.

ಸೊಸೆ ಗಡುವಿಗೆ ಮುಂಚೆಯೇ ಬಂದಳು. ಮಗಳೂ ಜೊತೆಗಿದ್ದಳು. ಮಣ್ಣು ಮುಗಿಸಿ ಬಂದವರೆಲ್ಲ ಚದುರಿದ ಮೇಲೆ ಅವಳು ಮಗ್ಗದ ಕೋಣೆಗೆ ಬಂದು ಮಾವನ ಎದುರು ನಿಂತಳು.

"ಮಾವ, ಈ ಸಲ ಎಷ್ಟು ಗಂಟಾಗಿತ್ತು?" ಎಂದು ಕೇಳಿದಳು.

"ನೂರ ಅರವತ್ತೊಂದು," ಎಂದ ನೇಕಾರ. ಮಗ ಕೇಳಿದಾಗ ಒಪ್ಪದ ಲೆಕ್ಕ ಈಗ ಬಾಯಿಗೆ ಬಂತು.

"ಆ ದಾರ ಕೊಡಿ. ಇವಳು ದೊಡ್ಡವಳಾದ ಮೇಲೆ ತೋರಿಸುತ್ತೇನೆ. ನಮ್ಮಪ್ಪ ಕುಡಿದು ಸತ್ತ ಎಂದಷ್ಟೇ ಇವಳಿಗೆ ಗೊತ್ತಿರಬಾರದು. ಇಷ್ಟು ದಿನ ನನಗೋಸ್ಕರ ಕುಡಿಯದೆ ಇದ್ದ ಅನ್ನುವುದೂ ಗೊತ್ತಿರಲಿ," ಎಂದಳು.

ನೇಕಾರ ಒಲೆಯ ಕಡೆ ನೋಡಿದ. ಒಲೆಯನ್ನು ಆಗಲೇ ಸಾರಿಸಿದ್ದರು. ಸೊಸೆ ಕಂಬವನ್ನು ನೋಡಿದಳು, ಮಾವನ ಮುಖವನ್ನು ನೋಡಿದಳು. ಮತ್ತೆ ಕೇಳಲಿಲ್ಲ. ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ಮಾವ ಸಾಯುವ ತನಕ ಆ ಮನೆಗೆ ಅವಳು ಕಾಲಿಡಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಮಗ ಅರ್ಧಕ್ಕೆ ಬಿಟ್ಟ ಸಣ್ಣ ಸೀರೆಯನ್ನಾದರೂ ಮುಗಿಸಿ ಮೊಮ್ಮಗಳಿಗೆ ಕಳಿಸೋಣ ಎಂದು ನೇಕಾರ ಮಗನ ಮಗ್ಗಕ್ಕೆ ಇಳಿದ. ನಾಲ್ಕು ಬೆರಳು ನೇಯ್ದಿರಲಿಲ್ಲ, ಒಂದು ಎಳೆ ಹರಿಯಿತು. ಅವನು ಏನೂ ಯೋಚಿಸಲಿಲ್ಲ. ಬೆರಳು ತಾನಾಗಿ ಗಂಜಿಯ ಬಟ್ಟಲಿಗೆ ಹೋಯಿತು, ತಾನಾಗಿ ಎರಡು ತುದಿ ಹಿಡಿಯಿತು, ಹೊಸೆಯಿತು. ಲಾಳಿ ಎಸೆಯಬೇಕೆಂದವನು ಹಾಗೆಯೇ ಕೈ ತಡೆದ. ಹರಿದ ಜಾಗ ಎಲ್ಲಿ ಎಂದು ಹುಡುಕಿದ. ಮೂಗು ತಾಗುವಷ್ಟು ಬಗ್ಗಿ ಹುಡುಕಿದ. ಸಿಗಲಿಲ್ಲ.

ತನ್ನ ಕೈಯನ್ನು ತಾನೇ ನೋಡಿಕೊಂಡು ಅವನು ಬಹಳ ಹೊತ್ತು ಕುಣಿಯಲ್ಲಿ ಕೂತಿದ್ದ. ಈ ಕೈಗೆ ಇದು ಗೊತ್ತಿತ್ತಲ್ಲ, ಇಷ್ಟು ವರ್ಷ ಗೊತ್ತಿತ್ತಲ್ಲ ಎಂದು ಗೋಳಾಡಿದ. ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಆಮೇಲೆ ಕುಡುಗೋಲು ತಂದು ಹಾಸನ್ನು ಕತ್ತರಿಸಿದ. ಫಣಿಯ ಹಲ್ಲುಗಳಿಂದ ಹಳೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆದ. ಎರಡೂ ಮಗ್ಗದ ಫಣಿಗಳನ್ನು ಬರಿದು ಮಾಡಿ ಗೋಡೆಗೆ ಒರಗಿಸಿದ. ಆ ಮನೆಯಿಂದ ಮತ್ತೆ ಮಗ್ಗದ ಸದ್ದು ಬರಲಿಲ್ಲ.

ಗುರುಗಳು ನಿಲ್ಲಿಸಿದರು. ಮಹಾಂತಯ್ಯ ಇಳಿದ ದನಿಯಲ್ಲಿ, "ಎಷ್ಟನೆಯ ಮೆಟ್ಟಿಲು ಎಂದು ನೀವು ಹೇಳಲೇ ಇಲ್ಲವಲ್ಲ, ಬುದ್ಧಿ," ಎಂದ.

"ಹೆಬ್ಬಾಗಿಲಲ್ಲಿ ಸಣ್ಣೀರಪ್ಪನ ಕೆಮ್ಮು ಕೇಳಿಸಿ ಬಹಳ ಹೊತ್ತಾಯಿತು, ಮಹಾಂತಯ್ಯ," ಎಂದರು ಗುರುಗಳು.

ಮಹಾಂತಯ್ಯ ಎದ್ದು ಹೆಬ್ಬಾಗಿಲ ಕಡೆಗೆ ಓಡಿದ.