ಖಾಲಿ ಡಬ್ಬಿಗಳ ಸಾಲು

"ಗುರುಗಳೇ, ಆರಿಸುವವರು ನಾವು. ಆದರೂ ಪ್ರತಿಸಲವೂ ಕಳ್ಳನೇ ಆರಿಸಿ ಬರುತ್ತಾನೆ. ನೆಟ್ಟಗೆ ಬದುಕುವ ನಮ್ಮಂಥವರು ಇದನ್ನು ಇನ್ನೆಷ್ಟು ದಿನ ಸಹಿಸಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯ ಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳುವವನು. ವಾರಕ್ಕೊಮ್ಮೆ ಮಠಕ್ಕೆ ಬರುತ್ತಿದ್ದ. ಗುರುಗಳನ್ನು ಕಾಣಬೇಕೆಂದವರು ಹೊರಜಗಲಿಯಲ್ಲಿ ಬಂದ ಸರದಿಯಂತೆ ಕೂಡುವುದು ಅಲ್ಲಿಯ ಪದ್ಧತಿ. ಅಡುಗೆಯವನ ಪರಿಚಯವಿದ್ದುದರಿಂದ ಶಿಷ್ಯ ಹಿತ್ತಿಲ ಬಾಗಿಲಿನಿಂದ ಬಂದಿದ್ದ. ಅವನಿಗೆ ಸಂಜೆಯ ಬಸ್ಸು ಹಿಡಿಯುವುದಿತ್ತು.

ಗುರುಗಳು ಅವನಿಗೆ ಕುಡಿಯಲು ನೀರು ಕೊಟ್ಟು ಈ ಕತೆ ಹೇಳಿದರು.

ಒಂದು ಊರಿಗೆ ಒಂದೇ ಹಿಟ್ಟಿನ ಗಿರಣಿ. ಗಿರಣಿ ಊರವರೆಲ್ಲರದು. ಜೋಳ ಬೀಸಿಸಲು ಬಂದವರು ಡಬ್ಬಿಯನ್ನು ಸಾಲಿನಲ್ಲಿಟ್ಟು ಮನೆಗೆ ಹೋಗುತ್ತಿದ್ದರು. ಡಬ್ಬಿ ನಿಂತರೆ ಮನುಷ್ಯನೇ ನಿಂತ ಹಾಗೆ. ಅದರ ಸರದಿ ತಪ್ಪಿಸಬಾರದೆಂಬುದು ಅಜ್ಜಂದಿರ ಕಾಲದ ಕಟ್ಟಳೆ. ಸಾಲು ನೋಡಿಕೊಳ್ಳಲು ವರ್ಷಕ್ಕೊಬ್ಬನನ್ನು ಊರು ಆರಿಸುತ್ತಿತ್ತು. ಆಯ್ಕೆಗೆ ನಿಂತವರ ಹೆಸರಿಗೊಂದು ಮಡಕೆ, ಮನೆಗೊಂದು ಹುಣಸೆಬೀಜ. ಯಾರ ಮಡಕೆಯಲ್ಲಿ ಬೀಜ ಹೆಚ್ಚೋ ಅವನು ಗೆದ್ದ.

ಆ ವರ್ಷ ಗೆದ್ದವನು ಒಬ್ಬ ವ್ಯಾಪಾರಿ. ಬೀಜ ಬೀಳುವ ಮೊದಲು ಅವನು ಕಟ್ಟೆಯ ಮೇಲೆ ನಿಂತು, ಕೈಮುಗಿದು, ನನ್ನ ಡಬ್ಬಿ ಎಂದೆಂದೂ ಎಲ್ಲರ ಹಿಂದೆ ಇರುತ್ತದೆ ಎಂದು ಆಣೆ ಮಾಡಿದ್ದ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಅವನ ಡಬ್ಬಿ ದಿನವೂ ಎಲ್ಲರ ಹಿಂದೆಯೇ ಇರುತ್ತಿತ್ತು. ಅವನ ಮೂವರು ಭಾವಮೈದುನರ ಡಬ್ಬಿಗಳು ಎಲ್ಲರ ಮುಂದೆ ಇರುತ್ತಿದ್ದವು. ತನ್ನ ಅಂಗಡಿಯ ಮಾಲನ್ನೇ ಅವರ ಹೆಸರಿನಲ್ಲಿ ಬೀಸಿಸುತ್ತಾನೆಂದು ಊರಿಗೆ ಗುಮಾನಿ.

ಸಾಲು ನಿಧಾನವಾಯಿತು. ಮೊದಲು ಮಧ್ಯಾಹ್ನದೊಳಗೆ ಮುಗಿಯುತ್ತಿದ್ದ ಗಿರಣಿಯ ಕೆಲಸ ಈಗ ಹೊತ್ತು ಮುಳುಗಿದರೂ ಮುಗಿಯುತ್ತಿರಲಿಲ್ಲ. ಇದರ ಪೆಟ್ಟು ಬಿದ್ದದ್ದು ರೊಟ್ಟಿ ಮಾರುವ ಒಬ್ಬ ಹೆಂಗಸಿಗೆ. ಗಂಡ ತೀರಿಕೊಂಡ ಮೇಲೆ ಅವಳಿಗೆ ರೊಟ್ಟಿಯೇ ಜೀವನ. ದಿನಸಿ ಅಂಗಡಿ ತೆರೆದ ಮೇಲೆ ಜೋಳ ಕೊಂಡು ತರಬೇಕು, ಆದ್ದರಿಂದ ಅವಳ ಡಬ್ಬಿ ಯಾವಾಗಲೂ ಸಾಲಿನ ಬಾಲದಲ್ಲಿ. ಹಿಟ್ಟು ಸಂಜೆ ಕೈಸೇರಿದರೆ ಮಧ್ಯಾಹ್ನದ ಊಟಕ್ಕೆ ಬರುವವರಿಗೆ ಏನು ಬಡಿಸುವುದು? ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಇನ್ನೊಂದು ತಿಂಗಳು ಹೀಗೇ ನಡೆದರೆ ಅವಳು ಒಲೆ ಆರಿಸಿ ಊರು ಬಿಡಬೇಕಿತ್ತು.

ಅದೇ ಊರಿನಲ್ಲಿ ಒಬ್ಬ ಗುಮಾಸ್ತನಿದ್ದ. ಓದಿದವನು, ಲಂಚ ಮುಟ್ಟಿದವನಲ್ಲ. ಸಂಜೆಯಾದರೆ ಕಟ್ಟೆಯ ಮೇಲೆ ಕೂತು ವ್ಯಾಪಾರಿಯನ್ನು ಬಯ್ಯುತ್ತಿದ್ದ. ಚೆನ್ನಾಗಿ ಬಯ್ಯುತ್ತಿದ್ದ. ಕೇಳಿದವರಿಗೆ ರಾತ್ರಿ ಊಟ ರುಚಿಸುತ್ತಿತ್ತು, ನಿದ್ದೆಯೂ ಚೆನ್ನಾಗಿ ಬರುತ್ತಿತ್ತು. ಮರುದಿನ ವ್ಯಾಪಾರಿ ಎದುರಾದರೆ ಎಲ್ಲರೂ ನಮಸ್ಕಾರ ಮಾಡುತ್ತಿದ್ದರು. ಗುಮಾಸ್ತನೂ ಮಾಡುತ್ತಿದ್ದ.

ಆದರೆ ಅವನು ಕೆಟ್ಟವನಲ್ಲ. ರೊಟ್ಟಿಯವಳ ಕಷ್ಟ ಕಂಡು ಅವನು ನಿಜವಾಗಿಯೂ ಮರುಗಿದ. ಒಂದು ಬೆಳಗ್ಗೆ ಗಿರಣಿಯ ಅಂಗಳದಲ್ಲಿಯೇ ಊರು ಕೂಡಿಸಿದ. ಸಾಲಿನಲ್ಲಿ ನಲವತ್ತೊಂದು ಡಬ್ಬಿಗಳಿದ್ದವು. ಗುಮಾಸ್ತ ರೊಟ್ಟಿಯವಳನ್ನು ಮುಂದೆ ಕರೆದು ನಿಲ್ಲಿಸಿದ.

"ಈ ತಾಯಿ ಮುಖಾ ನೋಡ್ರಿ. ಇಕಿ ಹೊಟ್ಟಿ ಮ್ಯಾಲೆ ಹೊಡದವರು ಯಾರು? ಇವತ್ತಿಂದ ಒಂದ ಕಟ್ಟಳೆ ಆಗ್ಲಿ. ಪ್ರತಿಯೊಂದು ಡಬ್ಬಿ ಮುಚ್ಚಳ ತಗೀಬೇಕು. ಮೋಸ ಇದ್ದದ್ದು ಯಾರದರ ಇರ್ಲಿ, ಸಾಲಿನ ಕಡೀಗೆ ಹೋಗ್ಬೇಕು. ಮುಚ್ಚಳಾ ಈ ತಾಯೀನ ತಗೀಲಿ."

ಊರು ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಮೊದಲು ವ್ಯಾಪಾರಿಯೇ ತಟ್ಟಿದ. ನ್ಯಾಯದ ಮಾತಿಗೆ ಎಲ್ಲರ ಮುಂದೆ ಚಪ್ಪಾಳೆ ತಟ್ಟದ ಮುಖಂಡ ಎಲ್ಲಿಯೂ ಇಲ್ಲ.

ಹೆಂಗಸು ಮೊದಲ ಮೂರು ಮುಚ್ಚಳ ತೆಗೆದಳು. ಮೂರರಲ್ಲಿಯೂ ಅಂಗಡಿಯ ಕಡಲೆಬೇಳೆ. ಜನ ಹೋ ಎಂದರು. ನಾಲ್ಕನೆಯದರ ಮುಚ್ಚಳ ತೆಗೆದು ಒಳಗೆ ನೋಡಿದಳು. ಒಂದು ಕಾಳೂ ಇರಲಿಲ್ಲ. ಡಬ್ಬಿಯ ಮೇಲೆ ನೀಲಿ ಬಣ್ಣದಲ್ಲಿ ಗುಮಾಸ್ತನ ಮನೆತನದ ಹೆಸರಿತ್ತು.

ಗುಮಾಸ್ತನಿಗೆ ಇದರಲ್ಲಿ ನಾಚುವುದೇನೂ ಕಾಣಲಿಲ್ಲ. "ನಸುಕಿನ್ಯಾಗ ಎದ್ದು ಬಂದು ಇಟ್ಟದ್ದು ಅದು. ಯಾರ ಕಾಲೂ ಹಿಡದಿಲ್ಲ" ಎಂದ.

ಹೆಂಗಸಿಗೆ ಅವನ ಮೇಲೆ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. "ಡಬ್ಬಿ ನಸುಕಿನ್ಯಾಗ ಎದ್ದು ಬಂದೈತ್ರಿ ಸಾಹೇಬ್ರ. ಜ್ವಾಳ ಇನ್ನೂ ಮನ್ಯಾಗ ಮಲಗೈತಿ."

ಯಾರೋ ನಕ್ಕರು. ಅವಳು ಐದನೆಯ ಮುಚ್ಚಳ ತೆಗೆದಳು. ಅದೂ ಖಾಲಿ. ನಕ್ಕವನ ಡಬ್ಬಿ ಅದು. ಆರನೆಯದೂ ಖಾಲಿ. ಆಮೇಲೆ ಯಾರೂ ನಗಲಿಲ್ಲ. ವ್ಯಾಪಾರಿಯ ಕಾಟಕ್ಕೆ ಹೆದರಿ, ಜಾಗ ಹಿಡಿದಿಡಲೆಂದು ಹೆಚ್ಚಿನವರು ಕತ್ತಲಿರುವಾಗಲೇ ಖಾಲಿ ಡಬ್ಬಿ ತಂದಿಡುವುದನ್ನು ಕಲಿತಿದ್ದರು. ಖಾಲಿ ಡಬ್ಬಿಯ ಸರದಿ ಬಂದರೆ ಗಿರಣಿ ನಿಲ್ಲಿಸಿ ಮನೆಗೆ ಹೇಳಿಕಳಿಸಬೇಕು. ಮನೆಯವರು ಜೋಳ ಹಸನುಮಾಡಿ ತರುವ ತನಕ ಕಾಯಬೇಕು. ಸಾಲು ನಿಂತದ್ದು ಅಲ್ಲಿ. ಇಪ್ಪತ್ತೆಂಟು ಡಬ್ಬಿಗಳು ಹಾಗೆ ಖಾಲಿ ಇದ್ದವು. ಎಲ್ಲಕ್ಕೂ ಹಿಂದೆ ವ್ಯಾಪಾರಿಯ ಡಬ್ಬಿ. ಅದರೊಳಗೆ ಜೇಡ ಬಲೆ ಕಟ್ಟಿತ್ತು.

ವ್ಯಾಪಾರಿ ಮಾತ್ರ ಬುದ್ಧಿವಂತ. ಮುಗುಳ್ನಕ್ಕು, "ಹೋಗ್ಲಿ ಬಿಡ್ರಿ. ನಾವು ನಾವು ಊರವರು. ಎಲ್ಲಾರ ಡಬ್ಬಿ ಎಲ್ಲೆಲ್ಲಿ ಅದಾವೋ ಅಲ್ಲೇ ಇರ್ಲಿ" ಎಂದ.

ಮಾತು ಹಿತವಾಗಿತ್ತು. ಹಲವರು ತಲೆಯಾಡಿಸಿದರು. ಗುಮಾಸ್ತನೂ ಆಡಿಸುವವನಿದ್ದ. ಅಷ್ಟರಲ್ಲಿ ಅವನ ಕಣ್ಣು ರೊಟ್ಟಿಯವಳ ಮೇಲೆ ಬಿತ್ತು. ಅವಳು ಬಿಸಿಲು ಎಷ್ಟು ಏರಿತೆಂದು ನೋಡುತ್ತಿದ್ದಳು. ಗುಮಾಸ್ತನ ಮುಖ ಬಿಸಿಯಾಯಿತು. ಭಾಷಣ ಮಾಡಿದ ಊರಿನ ಮುಂದೆಯೇ ಅವನು ಬಗ್ಗಿ ತನ್ನ ಡಬ್ಬಿಯನ್ನು ಎತ್ತಿಕೊಂಡ. ನಡೆದುಹೋಗಿ ಸಾಲಿನ ಕೊನೆಯಲ್ಲಿಟ್ಟ. ಐದನೆಯ ಡಬ್ಬಿಯವನು ಅವನ ಹಿಂದೆ ಹೋದ. ಆಮೇಲೆ ಒಬ್ಬೊಬ್ಬರಾಗಿ ಖಾಲಿ ಡಬ್ಬಿಯವರೆಲ್ಲರೂ ಹೋದರು. ಇಷ್ಟು ಜನ ಹೋದ ಮೇಲೆ ಭಾವಮೈದುನರು ನಿಲ್ಲುವುದು ಹೇಗೆ? ಅವರೂ ಹೋದರು.

ಮುಂದೆ ಉಳಿದದ್ದು ಜೋಳ ತುಂಬಿದ ಒಂಬತ್ತು ಡಬ್ಬಿ. ಒಂಬತ್ತನೆಯದು ರೊಟ್ಟಿಯವಳದು. ಬಿಸಿಲು ನೆತ್ತಿಗೆ ಬರುವ ಮೊದಲೇ ಅವಳು ಹಿಟ್ಟು ಹೊತ್ತುಕೊಂಡು ಹೋದಳು. ಆ ಮಧ್ಯಾಹ್ನ ಓಣಿಯಲ್ಲಿ ಮತ್ತೆ ರೊಟ್ಟಿ ತಟ್ಟುವ ಸದ್ದು ಕೇಳಿಸಿತು.

ಗುಮಾಸ್ತ ಮನೆಗೆ ಹೋಗಿ ಹೆಂಡತಿಯ ಜೊತೆ ಕೂತು ಜೋಳ ಹಸನುಮಾಡಿ ತಂದ. ತನ್ನ ಡಬ್ಬಿಯ ಪಕ್ಕದಲ್ಲಿ ಕೂತ. ನಲವತ್ತು ವರ್ಷದಲ್ಲಿ ಅವನು ಗಿರಣಿಯ ಅಂಗಳದಲ್ಲಿ ಕೂತದ್ದು ಅದೇ ಮೊದಲು. ಪಕ್ಕದವನ ಜೊತೆ ಮಾತಾಡಿದ, ಎಲೆಅಡಿಕೆ ಹಂಚಿಕೊಂಡ. ವ್ಯಾಪಾರಿಯನ್ನು ಬಯ್ಯುವುದು ನೆನಪಾಗುವ ಮೊದಲೇ ಅವನ ಸರದಿ ಬಂತು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಬಿಸಿ ರೊಟ್ಟಿ ಉಂಡು, ಇನ್ನೊಂದು ಹಾಕಿಸಿಕೊಂಡ.

ಅಂದಿನಿಂದ ಆ ಊರಿನಲ್ಲಿ ಡಬ್ಬಿಗೆ ಮುಚ್ಚಳ ಹಾಕದೆ ಸಾಲಿನಲ್ಲಿಡುವುದು ವಾಡಿಕೆಯಾಯಿತು. ಮುಂದಿನ ವರ್ಷ ವ್ಯಾಪಾರಿಯ ಮಡಕೆಯಲ್ಲಿ ಮೂರೇ ಬೀಜ ಬಿದ್ದವು. ಯಾರವೆಂದು ಯಾರೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮನಸಾರೆ ನಕ್ಕ.

"ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಮ್ಮ ಕಾಲೇಜಿನ ತುಂಬ ಆ ಗುಮಾಸ್ತನಂಥವರೇ ಇದ್ದಾರೆ, ಗುರುಗಳೇ" ಎಂದ.

ಗುರುಗಳೂ ನಕ್ಕರು. ಅವನ ಬೆನ್ನು ತಟ್ಟಿ, ಮುಂಬಾಗಿಲಿನ ಕಡೆ ಕೈ ತೋರಿಸಿ ಹೇಳಿದರು:

"ಹೊರಗೆ ಜಗಲಿಯಲ್ಲಿ ಒಬ್ಬ ಅಜ್ಜಿ ಬೆಳಗಿನಿಂದ ಕೂತಿದ್ದಾಳೆ, ಅವಳನ್ನು ನೀನೇ ಹೋಗಿ ಒಳಗೆ ಕರೆದುಕೊಂಡು ಬಾ."